ಹೊಂದಿಕೊಂಡವರಿಗೆ ಸನ್ಮಾನ

ಮೀನು ಹಿಡಿಯುವ ಬೋಟೊಂದು ತನ್ನ ಬಳಗದ ಜೊತೆ ವರ್ಷಗಟ್ಟಲೆ ಕಡಲಿನ ಮೇಲೆ ಹೊಗೆ ಕಾರಿತು. ಆ ಹೊಗೆ ಕರಗಿ ಕರಗಿ ನೀರು ಹುಳಿಯಾಯಿತು. ಆದರೂ ಸಾಸಿವೆ ಕಾಳಿನಷ್ಟಿದ್ದ ಪುಟಾಣಿ ಸಿಗಡಿಗಳು ತಲೆಮಾರಿನಿಂದ ತಲೆಮಾರಿಗೆ ಅಲ್ಲೇ ಬದುಕಿದ್ದವು. ಇದನ್ನು ಕಂಡು ಬೋಟಿಗೆ ಬಹಳ ಸಂತೋಷವಾಯಿತು. ಅದು ಸಿಗಡಿಗಳಿಗೊಂದು ಸನ್ಮಾನ ಇಟ್ಟುಕೊಂಡಿತು.

"ನೀರು ಹುಳಿಯಾಯಿತೆಂದು ಕಪ್ಪೆಚಿಪ್ಪುಗಳು ದಿನಾ ಗೋಳಾಡುತ್ತವೆ. ನೀವು ಗೊಣಗದೆ ಹೊಂದಿಕೊಂಡಿರಿ. ನಿಮ್ಮನ್ನು ನೋಡಿ ಎಲ್ಲರೂ ಕಲಿಯಬೇಕು" ಎಂದು ಭಾಷಣ ಮಾಡಿ, ಶಾಲಿನ ಬದಲು ಇನ್ನೊಂದಿಷ್ಟು ಹೊಗೆ ಹೊದಿಸಿತು.

ಮುದಿ ಸಿಗಡಿ ಕೆಮ್ಮುತ್ತ ಹೇಳಿತು: "ಹೊಂದಿಕೊಂಡದ್ದು ನಿಜ ಸ್ವಾಮಿ. ಆದರೆ ಈ ಹುಳಿಯಲ್ಲಿ ಜೀವ ಹಿಡಿದುಕೊಳ್ಳುವುದಕ್ಕೇ ತಿಂದದ್ದೆಲ್ಲ ಖರ್ಚಾಗುತ್ತದೆ. ಗಾತ್ರದಲ್ಲಿ ಅಜ್ಜಿಗಿಂತ ಅಮ್ಮ ಸಣ್ಣವಳು, ಅಮ್ಮನಿಗಿಂತ ನಾನು. ಮೊಟ್ಟೆಗಳೂ ಕಡಿಮೆಯಾಗಿವೆ."

"ಗಾತ್ರದಲ್ಲೇನಿದೆ, ಮನೋಭಾವ ಮುಖ್ಯ" ಎಂದು ಬೋಟು ಬಲೆ ಬಿಟ್ಟಿತು. ಎಳೆದರೆ ಬಂದದ್ದು ಒಂದು ಹಿಡಿ ಪಾಚಿ.

"ನಿಮ್ಮನ್ನು ತಿಂದು ಬದುಕುವ ಬೂತಾಯಿ ಮೀನುಗಳೆಲ್ಲಿ? ಸತ್ತುಹೋದವೇ?" ಬೋಟು ಬಲೆ ಕೊಡವುತ್ತ ಕೇಳಿತು.

"ಛೆ, ಸಾಯುವುದೇಕೆ? ಈಗಷ್ಟೇ ನಿಮ್ಮ ಬಲೆಯೊಳಗೇ ಇದ್ದವು" ಎಂದಿತು ಮುದಿ ಸಿಗಡಿ. "ನಮ್ಮನ್ನು ತಿಂದು ಹೊಟ್ಟೆ ತುಂಬದೆ ಅವೂ ಸಣ್ಣಗಾಗಿವೆ. ಬಲೆಯ ಕಣ್ಣುಗಳಲ್ಲಿ ನುಸುಳಿ ಹೋದವು. ಪಾಪ, ಅವೂ ಗೊಣಗದೆ ಹೊಂದಿಕೊಂಡಿವೆ. ಅವಕ್ಕೂ ಒಂದು ಶಾಲು ಹೊದಿಸಿಬಿಡಿ."