ನಾಳೆಯ ನೀರು

ರೇವಯ್ಯ ಅಜ್ಜನ ಮಠ ನದಿಯ ದಂಡೆಯ ಮೇಲಿತ್ತು. ಒಂದು ಕೋಣೆ, ಒಂದು ಕಲ್ಲಿನ ಕಟ್ಟೆ, ಕಟ್ಟೆಗೆ ನೆರಳಾಗಿ ಒಂದು ಬೇವಿನ ಮರ. ಅಷ್ಟೇ.

ಅಜ್ಜನ ಶಿಷ್ಯ ಬಸವಂತ ಒಂದು ಬೆಳಿಗ್ಗೆ ಹೆಂಡತಿ ಕಸ್ತೂರಿಯನ್ನೂ ಮಗಳು ಚಿನ್ಮಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಮಠಕ್ಕೆ ಬಂದ. ಹರಗಲ್ಲ ಬಯಲಿಗೆ ಹೋಗಿ, ಡೇರೆ ಹಾಕಿ, ಒಂದು ರಾತ್ರಿ ಅಲ್ಲೇ ಇದ್ದು ಬರುವ ಆಸೆ ಅವರದು. ಗುರುವಿನ ಕಾಲಿಗೆ ಬಿದ್ದು ಹೊರಡೋಣವೆಂದು ಬಂದಿದ್ದರು.

ಬಸವಂತನಿಗೆ ಇನ್ನೊಂದು ಆಸೆಯೂ ಇತ್ತು. ಹೊಸದಾಗಿ ಕೊಂಡ ಸಾಮಾನನ್ನು ಅಜ್ಜನಿಗೆ ತೋರಿಸಬೇಕು.

ಒಂದೊಂದೇ ಇಳಿಸಿ ಕಟ್ಟೆಯ ಮೇಲೆ ಹರವಿದ. ಡೇರೆ, ಕಂಬಳಿ, ಚಾಪೆ, ಗಾಳಿ ತುಂಬುವ ಹಾಸಿಗೆ, ಮಡಚುವ ಕುರ್ಚಿಗಳು, ಮಡಚುವ ಮೇಜು, ಗ್ಯಾಸಿನ ಒಲೆ, ಪಾತ್ರೆಗಳು, ದೊಡ್ಡದೊಂದು ದೀಪ, ಸಣ್ಣದೊಂದು ಬ್ಯಾಟರಿ, ಮರಕ್ಕೆ ಕಟ್ಟುವ ಜೋಲಿ. ಕಟ್ಟೆ ತುಂಬಿಹೋಯಿತು.

ಅಜ್ಜ ಸುತ್ತ ಒಂದು ಸಲ ನಡೆದು ನೋಡಿದರು.

“ನೀರು ಎಲ್ಲೈತಿ?”

“ಡಿಕ್ಕಿಯೊಳಗ ಒಂದು ಕ್ಯಾನು ಐತ್ರೀ ಅಜ್ಜಾರ. ದೊಡ್ಡದು, ನಳ ಇರೋದು. ಮತ್ತ ಅಲ್ಲಿ ಹಳ್ಳ ಹರೀತೈತಂತ.”

“ಹರೀತೈತಂತ,” ಅಂದರು ಅಜ್ಜ.

ಬಗ್ಗಿ ಡೇರೆಯನ್ನು ಎತ್ತಿ ಒಂದು ಬದಿಗಿಟ್ಟರು. ಚಾಪೆ, ಕಂಬಳಿ, ಒಲೆ, ಒಂದು ಪಾತ್ರೆ, ಸಣ್ಣ ಬ್ಯಾಟರಿಯನ್ನು ಅದರ ಪಕ್ಕಕ್ಕಿಟ್ಟರು.

“ಇಷ್ಟು ಕಾರಿಗೆ ಹಾಕು. ಉಳಿದದ್ದು ಇಲ್ಲೇ ಇರಲಿ.”

“ಕುರ್ಚೀನೂ ಬ್ಯಾಡೇನ್ರೀ?”

“ಅಲ್ಲಿ ನೆಲ ಇಲ್ಲೇನು?”

ಚಿನ್ಮಯಿ ಕಿಸಕ್ಕನೆ ನಕ್ಕಳು.

“ಆ ಕ್ಯಾನಿನ ನೀರು ಪಾಲು ಮಾಡು,” ಅಂದರು ಅಜ್ಜ. “ಸಣ್ಣ ಸಣ್ಣ ಕ್ಯಾನಿಗೆ ತುಂಬು. ಎಲ್ಲಾ ಒಂದೇ ಕಡೆ ಇಡಬ್ಯಾಡ.”

“ಹೆಂಗ ಇಟ್ಟರೂ ನೀರು ಅಷ್ಟೇ ಅಲ್ರೀ?”

“ಒಡೆದರ ಒಂದು ಒಡೀತೈತಿ.”

ಅಜ್ಜ ಒಳಗೆ ಹೋಗಿ ಒಂದು ತತ್ರಾಣಿಯನ್ನು ಹೆಗಲಿಗೆ ಹಾಕಿಕೊಂಡು ಬಂದರು. ದನ ಕಾಯುವವರು ನೀರು ಒಯ್ಯುವ, ಹೊಟ್ಟೆ ಉಬ್ಬಿದ, ಬಾಯಿ ಸಣ್ಣಗಿರುವ ಮಣ್ಣಿನ ಪಾತ್ರೆ.

“ನಾನೂ ಬರ್ತೀನಿ,” ಅಂದವರೇ ಹೋಗಿ ಮುಂದಿನ ಸೀಟಿನಲ್ಲಿ ಕೂತರು.

ಬಸವಂತ ಡಿಕ್ಕಿಯ ಹತ್ತಿರ ನಿಂತ. ಅವನ ಬಳಿ ಸಣ್ಣ ಕ್ಯಾನುಗಳಿರಲಿಲ್ಲ. ತರಬೇಕೆಂದರೆ ಪೇಟೆಗೆ ಹಿಂತಿರುಗಬೇಕು. ಕುರ್ಚಿಗಳನ್ನು ಬಿಟ್ಟುಹೋಗಲಂತೂ ಮನಸ್ಸೇ ಬರಲಿಲ್ಲ. ದೊಡ್ಡ ಕ್ಯಾನನ್ನು ಅಡ್ಡಡ್ಡ ಮಲಗಿಸಿ, ಅದರ ಮೇಲೆ ಕುರ್ಚಿ, ಮೇಜು ಪೇರಿಸಿ, ಡಿಕ್ಕಿಯನ್ನು ಒತ್ತಿ ಮುಚ್ಚಿದ.

“ಬ್ಯಾಡಂದ್ರಲ್ಲ ಅವರು,” ಎಂದು ಕಸ್ತೂರಿ ಪಿಸುಗುಟ್ಟಿದಳು.

“ಕುಂತಾಗ ಗೊತ್ತಾಗ್ತೈತಿ ಬಾ.”

ಡಾಂಬರು ಮುಗಿದು ಬಂಡಿಜಾಡು ಶುರುವಾಯಿತು. ಕಾರು ಕಲ್ಲಿನಿಂದ ಕಲ್ಲಿಗೆ ಕುಣಿಯಿತು. ಬಿಸಿಲಿಗೂ ಕುಲುಕಾಟಕ್ಕೂ ಚಿನ್ಮಯಿಗೆ ಹೊಟ್ಟೆ ತೊಳಸಿತು. ಮತ್ತೆ ಮತ್ತೆ ವಾಂತಿ ಮಾಡಿಕೊಂಡು ತಾಯಿಯ ತೊಡೆಯ ಮೇಲೆ ಬಾಡಿದ ಸೊಪ್ಪಿನಂತೆ ಬಿದ್ದುಕೊಂಡಳು. ಕುಡಿಯಲು ತಂದಿದ್ದ ಬಾಟಲಿ ಅವಳ ಬಾಯಿ ತೊಳೆಯುವುದರಲ್ಲೇ ಖಾಲಿಯಾಯಿತು.

ಬಯಲು ತಲುಪಿದಾಗ ಹೊತ್ತು ನೆತ್ತಿಯ ಮೇಲಿತ್ತು.

ಗಾಳಿ ಇರಲಿಲ್ಲ. ಹಕ್ಕಿಯ ದನಿ ಇರಲಿಲ್ಲ. ಹಳ್ಳ ಇತ್ತು, ಅದರಲ್ಲಿ ಬರೀ ಬೆಣಚುಕಲ್ಲು. ಮುಟ್ಟಿದರೆ ಸುಡುತ್ತಿತ್ತು.

ಬಸವಂತ ಓಡಿಹೋಗಿ ಡಿಕ್ಕಿ ತೆರೆದ. ಕುರ್ಚಿಯ ಕಬ್ಬಿಣದ ಕಾಲು ಬಡಿದು ಬಡಿದು ಕ್ಯಾನಿನ ನಳ ಮುರಿದಿತ್ತು. ಡಿಕ್ಕಿಯ ತಳಕ್ಕೆ ಹಾಸಿದ ಬಟ್ಟೆಯೆಲ್ಲ ನೆಂದು ತೊಪ್ಪೆಯಾಗಿತ್ತು. ಕ್ಯಾನು ಎತ್ತಿದರೆ ಬರೀ ಪ್ಲಾಸ್ಟಿಕ್ಕಿನ ಭಾರ.

ಅಜ್ಜ ಬಂದು ನೋಡಿದರು. ತತ್ರಾಣಿಯಿಂದ ಚಿನ್ಮಯಿಗೆ ಗುಟುಕು ಗುಟುಕಾಗಿ ಕುಡಿಸಿದರು. ಹುಡುಗಿ ಕಣ್ಣು ಬಿಟ್ಟಳು.

“ಅಪ್ಪಾ, ಅಲ್ಲಿ ಯಾರೋ ಅದಾರ.”

ಹಳ್ಳದ ಆಚೆ, ಜಾಲಿ ಮರದ ಕೆಳಗೆ, ಒಂದು ಡೇರೆ. ಪಕ್ಕದಲ್ಲಿ ಒಂದು ಕಾರು. ಡೇರೆಯ ಮುಂದೆ ಗಂಡ, ಹೆಂಡತಿ, ಚಿನ್ಮಯಿಯಷ್ಟೇ ದೊಡ್ಡ ಹುಡುಗಿ ಕೂತಿದ್ದರು. ಅವರ ಸುತ್ತ ಬಿಳಿ ಬಿಳಿ ನೀರಿನ ಕ್ಯಾನು. ಸಾಲು ಸಾಲಾಗಿ, ಒಂದರ ಮೇಲೊಂದು, ಗೋಡೆ ಕಟ್ಟಿದ ಹಾಗೆ.

ಬಸವಂತನಿಗೆ ಹೋದ ಜೀವ ಬಂದಂತಾಯಿತು. ಹಳ್ಳ ದಾಟಿ ಅವರ ಹತ್ತಿರ ಹೋದ.

“ನಮಸ್ಕಾರ್ರೀ. ನಮ್ಮ ನೀರು ಸೋರಿ ಹೋತು. ಮಗಳಿಗೆ ಆರಾಮ ಇಲ್ಲ. ಒಂದೀಟು ನೀರು ಕೊಡ್ತೀರೇನ್ರೀ?”

ಗಂಡಸು ತಿರುಗಲಿಲ್ಲ. ಕ್ಯಾನುಗಳನ್ನೇ ನೋಡುತ್ತಿದ್ದ. ಅವನ ತುಟಿ ಒಡೆದು ಬೆಳ್ಳಗಾಗಿತ್ತು.

“ಅದು ನಾಳಿಗೆ,” ಅಂದ.

“ಒಂದು ತಂಬಿಗಿ ಸಾಕ್ರೀ.”

“ನಾಳಿಗೆ ಬೇಕಾಗ್ತೈತಿ.”

ಹೆಂಗಸು ಮುಖ ಎತ್ತಿದಳು. “ನಿಮ್ಮ ಕಡೆ ನೀರು ಐತೇನ್ರೀ ಅಣ್ಣಾರ? ನಮ್ಮ ಹುಡುಗಿ ಭಾಳ ನೀರಡಿಸ್ಯಾಳ.”

ಬಸವಂತ ತಬ್ಬಿಬ್ಬಾದ. “ಯವ್ವಾ, ನಿಮ್ಮ ಸುತ್ತ ಇಷ್ಟು ನೀರು ಐತಲ್ಲ!”

“ಅದು ನಾಳಿಗೆ,” ಅಂದಳು ಅವಳು. ಗಂಡನ ದನಿಯಲ್ಲೇ, ಅದೇ ರಾಗದಲ್ಲಿ. ಪಕ್ಕದಲ್ಲಿದ್ದ ಹುಡುಗಿಯ ತುಟಿಗಳೂ ಅದೇ ಮಾತಿಗೆ ಅಲುಗಿದವು. ಸದ್ದು ಬರಲಿಲ್ಲ.

ಬಸವಂತ ಒಂದು ಹೆಜ್ಜೆ ಹಿಂದೆ ಸರಿದ.

“ನೀವು ಯಾವಾಗ ಬಂದ್ರಿ ಇಲ್ಲಿಗೆ?”

“ನಿನ್ನೆ,” ಅಂದ ಗಂಡಸು.

ಬಸವಂತ ಅವರ ಕಾರಿನ ಕಡೆ ನೋಡಿದ. ಗಾಲಿಗಳು ಅರ್ಧ ಮಣ್ಣಿನಲ್ಲಿ ಹೂತಿದ್ದವು. ಒಂದು ಕಾಡುಬಳ್ಳಿ ಈ ಕಿಟಕಿಯಿಂದ ಒಳಹೊಕ್ಕು ಆ ಕಿಟಕಿಯಿಂದ ಹೊರಬಂದು, ಮಾಡಿನ ಮೇಲೆ ಹಬ್ಬಿ ಹೂ ಬಿಟ್ಟಿತ್ತು.

ಓಡಬೇಕೆನ್ನಿಸಿತು. ಕಾಲು ಏಳಲಿಲ್ಲ.

ಹಿಂದಿನಿಂದ ಅಜ್ಜ ಬಂದರು. ಆ ಕಾರನ್ನೂ ನೋಡಲಿಲ್ಲ, ಕ್ಯಾನುಗಳನ್ನೂ ನೋಡಲಿಲ್ಲ. ಹುಡುಗಿಯ ಎದುರು ಕುಕ್ಕರಗಾಲಿನಲ್ಲಿ ಕೂತರು.

“ಏನವಾ, ನೀರು ಕುಡೀತೀಯೇನು?”

ಹುಡುಗಿ ಅಪ್ಪನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೌದೆಂದು ತಲೆ ಆಡಿಸಿದಳು.

ಅಜ್ಜ ತತ್ರಾಣಿಯನ್ನು ಹೆಗಲಿನಿಂದ ಇಳಿಸಿದರು. ಹುಡುಗಿಗೆ ಕೊಡಲಿಲ್ಲ. ಬಸವಂತನ ಕೈಗಿಟ್ಟರು.

“ಇದು ನಿನ್ನ ಮಗಳ ನೀರು. ನೀನು ಹೇಳು.”

ಬಸವಂತ ತತ್ರಾಣಿಯನ್ನು ಅಲುಗಿಸಿ ನೋಡಿದ. ಅರ್ಧಕ್ಕಿಂತ ಕಡಿಮೆ. ಹಿಂತಿರುಗುವ ಬಂಡಿಜಾಡಿನಲ್ಲಿ ಮನೆಯಿಲ್ಲ, ಮಠವಿಲ್ಲ. ಹಳ್ಳದ ಆಚೆ ಚಿನ್ಮಯಿ ತಾಯಿಯ ಹೆಗಲಿಗೆ ತಲೆಯಾನಿಸಿ ಕೂತಿದ್ದಳು. ಎದುರಿಗೆ ಈ ಹುಡುಗಿ, ಬಾಯಿ ಸ್ವಲ್ಪ ತೆರೆದು, ತತ್ರಾಣಿಯನ್ನೇ ನೋಡುತ್ತಿದ್ದಳು.

“ಅಜ್ಜಾರ, ದಾರಿಗೆ ಬೇಕಾಗ್ತೈ...”

ಮಾತು ನಾಲಿಗೆಯ ಮೇಲೆ ನಿಂತುಹೋಯಿತು. ಆ ದನಿ ಅವನದಾಗಿರಲಿಲ್ಲ. ಆ ಗಂಡಸಿನದು.

ಕಾಲಿಗೆ ಏನೋ ತಣ್ಣಗೆ ತಾಗಿತು. ಬಗ್ಗಿ ನೋಡಿದ. ಬಳ್ಳಿಯ ಎಳೆಯ ಕುಡಿಯೊಂದು ಅವನ ಚಪ್ಪಲಿಯ ಪಟ್ಟಿಯೊಳಗೆ ನುಸುಳಿ ಹಿಮ್ಮಡಿಯನ್ನು ಒಂದು ಸುತ್ತು ಸುತ್ತಿತ್ತು.

ಬಸವಂತ ಮೊಣಕಾಲೂರಿದ.

“ಬೊಗಸಿ ಹಿಡಿಯವಾ,” ಅಂದ.

ನೀರು ಬೊಗಸೆಗೆ ಬಿದ್ದ ಸದ್ದು ಬಯಲಿಗೆಲ್ಲ ಕೇಳಿತು. ಹುಡುಗಿ ಕುಡಿದಳು. ಮತ್ತೆ ಬೊಗಸೆ ಚಾಚಿದಳು, ಮತ್ತೆ ಕುಡಿದಳು. ಬಸವಂತ ಹೆಂಗಸಿಗೂ ಹಾಕಿದ. ಗಂಡಸಿನ ಕಡೆ ತಿರುಗಿದ. ಅವನು ಬಹಳ ಹೊತ್ತು ನೀರಿನ ಧಾರೆಯನ್ನು ನೋಡಿದ. ಕೊನೆಗೆ ಕೈ ಚಾಚಿದ.

“ತಣ್ಣಗೈತಿ,” ಅಂದ. ಮೊದಲ ಸಲ ಕ್ಯಾನುಗಳಿಂದ ಕಣ್ಣು ಕಿತ್ತು ಬಸವಂತನ ಮುಖ ನೋಡಿದ. “ಇವತ್ತು ಯಾವ ವಾರ?”

“ಶನಿವಾರ್ರೀ.”

“ಹೌದೇನು.”

ಹೆಂಗಸು ಎದ್ದು ಸೆರಗು ಕೊಡವಿಕೊಂಡಳು. “ಹೊತ್ತಾತು. ಹೊರಡೂಣು ನಡೀರಿ.”

ಮೂವರೂ ಕಾರಿನ ಕಡೆ ನಡೆದರು. ಬಾಗಿಲು ತೆರೆದರೂ ಬಳ್ಳಿ ಹರಿಯಲಿಲ್ಲ. ಬಾಗಿಲು ಮುಚ್ಚಿದರೂ ಸದ್ದಾಗಲಿಲ್ಲ.

ಬಸವಂತ ಎದ್ದ. ಕಾಲಿಗೆ ಸುತ್ತಿದ್ದ ಕುಡಿ ತಾನಾಗಿಯೇ ಜಾರಿ ಬಿತ್ತು. ಕಾರಿನ ಹತ್ತಿರ ಹೋಗಿ ಕಿಟಕಿಯಲ್ಲಿ ಇಣುಕಿದ. ಸೀಟಿನ ಮೇಲೆ ಬೆರಳು ದಪ್ಪ ಧೂಳು. ಸ್ಟೇರಿಂಗಿನ ಸಂದಿಯಲ್ಲಿ ಒಂದು ಹಕ್ಕಿಗೂಡು, ಗೂಡಿನಲ್ಲಿ ಒಡೆದ ಮೊಟ್ಟೆಯ ಚಿಪ್ಪು. ಒಳಗೆ ಯಾರೂ ಇರಲಿಲ್ಲ.

ಹಿಂದಕ್ಕೆ ಬಂದು ಒಂದು ಕ್ಯಾನಿಗೆ ಕೈ ಹಾಕಿದ. ತುಂಬಿದ ಭಾರ. ಚಿನ್ಮಯಿಯ ಮುಖ ನೆನಪಾಯಿತು. ಮುಚ್ಚಳ ಬಿಚ್ಚಿ ಬಗ್ಗಿಸಿದ. ಇನ್ನೂ ಬಗ್ಗಿಸಿದ. ತಲೆಕೆಳಗು ಹಿಡಿದ.

ಒಂದು ಹನಿಯೂ ಬೀಳಲಿಲ್ಲ. ಭಾರವೂ ಇಳಿಯಲಿಲ್ಲ.

ಮೆಲ್ಲಗೆ ಅದನ್ನು ಇದ್ದಲ್ಲೇ ಇಟ್ಟು, ಮುಚ್ಚಳವನ್ನು, ಹಾಕುವುದೋ ಬೇಡವೋ ತಿಳಿಯದೆ, ಪಕ್ಕದಲ್ಲಿಟ್ಟು ಬಂದ.

“ನೀರು ಸಿಕ್ತೇನ್ರೀ?” ಕಸ್ತೂರಿ ಕೇಳಿದಳು.

“ಇಲ್ಲ. ಇದ್ದದ್ದನ್ನೂ ಕೊಟ್ಟು ಬಂದೆ.”

ಅವಳು ಗಂಡನ ಮುಖ ನೋಡಿದಳು. ತತ್ರಾಣಿ ಇಸಿದುಕೊಂಡು, ತಳದಲ್ಲಿದ್ದ ಪಸೆಯನ್ನು ಬೆರಳಿಗೆ ಹಚ್ಚಿ ಮಗಳ ತುಟಿಗೆ ಒರೆಸಿದಳು.

ಕಾರು ತಿರುಗಿತು. ಬಂಡಿಜಾಡು ಮುಗಿಯುವ ಹಾಗೇ ಕಾಣಲಿಲ್ಲ. ಬಸವಂತ ಮತ್ತೆ ಮತ್ತೆ ಕನ್ನಡಿಯಲ್ಲಿ ಮಗಳನ್ನು ನೋಡಿದ. ಒಮ್ಮೆ ಹೆಸರು ಹಿಡಿದು ಕೂಗಿದ. ಅವಳು ಓ ಅನ್ನಲಿಲ್ಲ. ಮತ್ತೆ ಕೂಗಿದ. “ಹ್ಞೂಂ,” ಅಂದಳು. ಅವನ ಕಣ್ಣು ಮಂಜಾಯಿತು.

“ದಾರಿ ನೋಡು,” ಅಂದರು ಅಜ್ಜ.

ಹೊತ್ತು ಇಳಿಯುವಾಗ, ಬೆಳಿಗ್ಗೆ ಕಾಣದಿದ್ದ ಕುರಿಮಂದೆಯೊಂದು ಕಂಡಿತು, ಪಕ್ಕದಲ್ಲಿ ಆಗಷ್ಟೇ ಬೀಡುಬಿಟ್ಟ ಕುರಿಗಾರರ ಹಟ್ಟಿ. ಹಟ್ಟಿಯ ಮುದುಕಿ ಹುಡುಗಿಯ ಮುಖ ನೋಡಿದವಳೇ ಏನೂ ಕೇಳದೆ ಕೊಡ ತಂದಳು. ಉಪ್ಪು ಬೆಲ್ಲ ಕದಡಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಚಿನ್ಮಯಿ ಎದ್ದು ಕೂತು ಕುರಿಮರಿಯ ಕಿವಿ ಹಿಡಿದಳು. ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಬಸವಂತನೂ ಕುಡಿದ. ಅಜ್ಜನ ಪಕ್ಕದಲ್ಲಿ, ಬರೀ ನೆಲದ ಮೇಲೆ ಕೂತ.

“ಅಜ್ಜಾರ, ಅವರು ಇದ್ದವರೇನ್ರೀ, ಸತ್ತವರೇನ್ರೀ?”

ಅಜ್ಜ ಗಡ್ಡಕ್ಕೆ ಇಳಿದ ನೀರನ್ನು ಒರೆಸಿಕೊಂಡರು.

“ಅದನ್ನ ನಾ ಕೇಳಲಿಲ್ಲಪಾ. ನೀರಡಿಸಿದ್ರು.”