ಒಂದೇ ಸ್ಪ್ರಿಂಗ್ ಸಾಕೆಂದ ವಕೀಲರು

ಗದಗಿನ ವಕೀಲ ಪಟ್ಟಣಶೆಟ್ಟರಿಗೆ ತಮ್ಮ ಕೆಂಪು ಸ್ಪೋರ್ಟ್ಸ್ ಹ್ಯಾಚ್‌ಬ್ಯಾಕ್ ಕಾರೆಂದರೆ ಬಲು ಹೆಮ್ಮೆ. ಅದು ಎಡಕ್ಕೆ ವಾಲತೊಡಗಿದಾಗ ಗ್ಯಾರೇಜಿಗೆ ತಂದರು.

"ಮುಂದಿನ ಎರಡೂ ಸ್ಪ್ರಿಂಗ್ ಸವದಾವ್ರಿ ಸಾಹೇಬ್ರ. ಜೋಡಿ ಬದಲಿಸದಿದ್ರ ತಿರುವಿನ್ಯಾಗ ಗಾಡಿ ಮಾತು ಕೇಳೂದಿಲ್ಲ," ಎಂದ ಮೆಕ್ಯಾನಿಕ್ ಇಮಾಮಸಾಬ.

"ವಾಲಿದ್ದು ಎಡಕ್ಕ. ಎಡಗಡೀದಷ್ಟ ಬದಲಿಸು. ನನಗ ವಾದ ಕಲಿಸಬ್ಯಾಡ!" ಎಂದು ವಕೀಲರು ಗದರಿದರು.

"ಆತ್ರಿ. ಒಂದ ಬೂಟು ಇಲ್ಲೇ ಬಿಚ್ಚಿಟ್ಟು, ಎದುರಿನ ಅಂಗಡ್ಯಾಗ ಚಹಾ ಕುಡದು ಬರ್ರಿ. ಆರಾಮ ನಡದು ಬಂದ್ರ ಒಂದ ಸ್ಪ್ರಿಂಗ್ ಹಾಕ್ತೀನಿ."

ಸವಾಲು ಎಂದಮೇಲೆ ವಕೀಲರು ಬಿಟ್ಟಾರೆಯೇ? ಹೊರಟೇಬಿಟ್ಟರು. ಅವರು ಕುಂಟುತ್ತ ರಸ್ತೆ ದಾಟುವುದನ್ನು ಕಂಡು ಅವರ ಕಕ್ಷಿದಾರನೊಬ್ಬ ಗಾಬರಿಯಿಂದ ಓಡಿಬಂದ.

"ಲಕ್ವಾ ಹೊಡದೈತೇನ್ರಿ ವಕೀಲರ? ನಾಳೆ ನನ್ನ ಕೇಸಿನ ಗತಿ ಏನ್ರಿ?"

ವಕೀಲರು ಚಹಾ ಕುಡಿಯದೆಯೇ ಹಿಂತಿರುಗಿದರು.

"ಎರಡೂ ಸ್ಪ್ರಿಂಗ್ ಹಾಕು ಮಾರಾಯಾ. ಮೊದಲ ನನ್ನ ಬೂಟು ಕೊಡು!"