ಚೆನ್ನಿಗಪ್ಪನ ಗಟ್ಟಿ ಹಾಲು

ನಾನು ಕರೆಯೋ ಹಸುವಿನಾಣೆ, ಇದು ನಡೆದಿದ್ದೇ.

ಚೆನ್ನಿಗಪ್ಪ ಹೊಸ ಬೀಗರನ್ನ ಕರ್ಕೊಂಡು ಡೈರಿಗೆ ಬಂದ. ಹದಿನಾಕು ಲೀಟ್ರು ಕ್ಯಾನು ಇಳಿಸಿ, ಹಾಲು ಅಳೆಯೋ ನಿಂಗಾಜಮ್ಮನ್ನ ಗದರಿದ: "ನಮ್ಮಾಲಿಗೆ ಟೆಸ್ಟು ಗಿಸ್ಟು ಬ್ಯಾಡ. ಫ್ಯಾಟು ನಾಕೂವರೆ ಅಂತ ಬರ್ಕೊ."

ಆ ಹಾಲಿಗೆ ನಾಕು ಚೆಂಬು ನೀರು ಹುಯ್ದಿದ್ದು ಅವನ ಕೈಯೇ. ಕ್ಯಾನು ಕುಲುಕಿದ ಸದ್ದಿಗೇ ನಿಂಗಾಜಮ್ಮಂಗೆ ಗೊತ್ತಾಗೋಯ್ತು.

"ಬರ್ಕೊಂಡೆ ಚಿಕ್ಕಪ್ಪ. ಇಂಥ ಗಟ್ಟಿ ಹಾಲ ಬೀಗ್ರು ಒಂದು ಲೋಟನಾರ ಕುಡೀದೆ ಹೋದ್ರೆ ಚೆಂದಾಗಿರ್ತದಾ?" ಅಂತ ಲೋಟ ತಗೊಂಡ್ಲು.

"ಕೊಡವ್ವ, ಕುಡಿಯಾನ," ಅಂತ ಬೀಗ್ರು ಕೈ ಚಾಚಿದ್ರು.

ಚೆನ್ನಿಗಪ್ಪ ಕಾಲು ಜಾರಿದಂಗೆ ಮಾಡಿ ಕ್ಯಾನು ಒದ್ದ. ಹಾಲೆಲ್ಲ ಚರಂಡಿಗೆ ಹರೀತು.

"ಬರೆದಿದ್ದು ಹೊಡೆದಾಕ್ಲಾ ಚಿಕ್ಕಪ್ಪ?"

"ಹೊಡೆದಾಕವ್ವ," ಅಂದ ಚೆನ್ನಿಗಪ್ಪ, ನೆಲ ನೋಡ್ಕೊಂಡು.

ಲೀಟ್ರಿಗೆ ಮೂವತ್ತೆಂಟರಂಗೆ ಅವತ್ತು ಅವನು ಕಳ್ಕೊಂಡಿದ್ದು ಐನೂರ ಮೂವತ್ತೆರಡು ರೂಪಾಯಿ.